ಜೋಥಮ್ ಕಡಿದ ಸೇಬುಮರಗಳು

ಹಾರ್ಲೋ ಬೆಟ್ಟ, ನ್ಯೂ ಹ್ಯಾಂಪ್‌ಶೈರ್
೨೮ ಮಾರ್ಚ್ ೧೮೪೨

ನನ್ನ ಮುದ್ದು ಲೊವೀನಾ,

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಒಹಾಯೋದಿಂದ ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರಿಸಲಿಲ್ಲವೆಂದು ಬೈಯಬೇಡ ಮಗಳೇ. ಬಾಗಿಲ ಮುಂದಿನ ಸೇಬುಮರದ ಕಸಿಕಡ್ಡಿ ಕಳಿಸು ಎಂದಿದ್ದೆ. ಏನೆಂದು ಬರೆಯಲಿ? ಆ ಮರ ಕೊಂಬೆ ಸಮೇತ ಒಲೆಗೆ ಹೋಯಿತು.

ನಿನ್ನ ತಮ್ಮ ಓರಿನ್ ಹೋದ ಸುದ್ದಿಯನ್ನು ಪಾದ್ರಿಗಳು ಬರೆದಿದ್ದರು, ಇಷ್ಟರಲ್ಲಿ ನಿನಗೆ ತಲುಪಿರಬೇಕು. ಜನವರಿಯಲ್ಲಿ ಬೆಟ್ಟದಿಂದ ಸೌದೆ ತರಲು ಹೊರಟ. ಎತ್ತುಗಳು ಮಾತ್ರ ಜಾರುಬಂಡಿ ಎಳೆದುಕೊಂಡು ಮನೆಗೆ ಬಂದವು. ಅವನು ಹಿಮದಲ್ಲಿ ಮಲಗಿದ್ದ, ಪಕ್ಕದಲ್ಲಿ ಖಾಲಿ ಹೂಜಿ. ಇಪ್ಪತ್ತೆರಡೇ ವರ್ಷ, ಮಗಳೇ.

ಕೆಳಮನೆಯ ಡಾರ್ಕಸ್ ಅಜ್ಜಿ ಬಂದು ನನ್ನನ್ನೇ ಗದರಿದಳು: "ನಾನ್ ಆಗ್ಲೇ ಅಂದಿರ್ಲಿಲ್ವೇನೇ? ಹಣ್ಣು ತೂಗೋ ಕೊಂಬೇಲಿ ಹೂ ಬಿಟ್ರೆ ಆ ಮನೇಲಿ ಹೆಣ ಬೀಳತ್ತೆ ಅಂತ!" ಅಕ್ಟೋಬರಿನಲ್ಲಿ ಬಾಗಿಲ ಮರ ಒಂದು ಗೊಂಚಲು ಹೂ ಬಿಟ್ಟಿದ್ದು ನಿಜ. ಅದನ್ನೇ ನಂಬಿಬಿಡೋಣ ಎನಿಸುತ್ತದೆ ನನಗೆ.

ನಿಮ್ಮಪ್ಪ ನಂಬಲಿಲ್ಲ. ಕುಡಿತ ಬಿಡಿಸುವವರ ಸಭೆಗೆ ಹೋಗಿ, "ನಾನು ಹಿಂಡಿದ ಸೇಬಿನ ಹೆಂಡಾನೇ ನನ್ ಮಗನ್ನ ತಿಂತು" ಎಂದು ಎಲ್ಲರೆದುರು ಅತ್ತು, ಇನ್ನು ಕುಡಿಯೆನೆಂದು ಸಹಿ ಹಾಕಿ ಬಂದರು. ಮರುದಿನ ಕೊಡಲಿ ಹಿಡಿದರು. ಸೇಬಿನ ಹೆಂಡವಿಲ್ಲದೆ ಈ ಊರಲ್ಲಿ ಯಾರ ಊಟ ಇಳಿದಿದೆ ಹೇಳು? ಪಾದ್ರಿಗಳೂ ಕುಡಿದವರೇ. ನೆರೆಯ ಬಾರ್ನಬಸ್ ಬೇಲಿಯಾಚೆಯಿಂದ ಕೂಗಿದ: "ಮರ ಏನ್ ಮಾಡ್ತೋ ಜೋಥಮ್? ಹಂಗಾದ್ರೆ ಎತ್ತಿಗೂ ಕೊಡಲಿ ಹಾಕು ಮಾರಾಯ, ಅವೂ ಹುಡುಗನ್ನ ಬಿಟ್ಟು ಬಂದ್ವಲ್ಲ!"

"ನಮ್ಮಜ್ಜ ನೆಟ್ಟಿದ್ದು, ನಾನ್ ಕಡೀತೀನಿ. ನಿಂಗ್ಯಾಕೆ?" ಎಂದರು ನಿಮ್ಮಪ್ಪ, ತಲೆ ಎತ್ತದೆ.

ನಲವತ್ತರಲ್ಲಿ ಮೂರು ಮರ ಉಳಿದಿವೆ. ಅವರ ಅಂಗೈ ತುಂಬ ಬೊಕ್ಕೆ. ಊಟಕ್ಕೆ ಕೂತರೆ ಓರಿನ್ ಕೂರುತ್ತಿದ್ದ ಬೆಂಚಿಗೆ ಬೆನ್ನು ಹಾಕುತ್ತಾರೆ, ಎರಡು ತುತ್ತಿಗೆ ಎದ್ದುಬಿಡುತ್ತಾರೆ. ಹೀಗೇ ಆದರೆ ಅವರೂ ನನಗೆ ಉಳಿಯುವುದಿಲ್ಲ. ನಾನೋ ಗಂಜಿ ಬಡಿಸುತ್ತಲೇ ಇರುತ್ತೇನೆ.

ಒಣಗಿಸಿದ ಸೇಬಿನ ಎರಡು ಸರ ಕಳಿಸಿದ್ದೇನೆ, ಹೋದ ವರ್ಷದ್ದು. ಹೊಟ್ಟೆಯಲ್ಲಿರುವ ಕೂಸನ್ನು ಜೋಪಾನ ಮಾಡಿಕೋ, ಭಾರ ಎತ್ತಬೇಡ. ನಿನ್ನ ಮನೆ ತುಂಬಿರಲಿ, ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ,
ಮೆಹಿಟಬೆಲ್

ತಾ.ಕ.: ಆ ಹೂಜಿಯಲ್ಲಿದ್ದದ್ದು ದಿನಾ ಕುಡಿಯುವ ಹೆಂಡವಲ್ಲ. ಪ್ರತಿ ಚಳಿಗಾಲ ನಾನು ನಿಮ್ಮಪ್ಪನಿಗೆ ತಿಳಿಯದಂತೆ ಒಂದು ಪೀಪಾಯಿ ಹೆಂಡವನ್ನು ಹಿಮದಲ್ಲಿಟ್ಟು, ಗಟ್ಟಿಯಾದ ಮಂಜುಗಡ್ಡೆಯನ್ನೆಲ್ಲ ತೆಗೆದುಹಾಕಿ, ಉಳಿದ ಬೆಂಕಿಯಂಥ ರಸವನ್ನು ಕೆಮ್ಮಿಗೆಂದು ಬಚ್ಚಿಡುತ್ತಿದ್ದೆ. ಓರಿನ್‌ಗೊಬ್ಬನಿಗೇ ಗೊತ್ತಿತ್ತು. ಆ ದಿನ ಬೆಟ್ಟಕ್ಕೆ ಹೊರಡುವಾಗ "ಅಪ್ಪನ ನೀರು ಹೆಂಡ ಬೇಡಮ್ಮಾ, ಚಳಿ ಜಾಸ್ತಿ, ನಿಂದೇ ಕೊಡು" ಎಂದ. ಮೈ ಬೆಚ್ಚಗಿರಲಿ ಎಂದು ಹೂಜಿಯ ಕಂಠದವರೆಗೆ ನಾನೇ ತುಂಬಿಕೊಟ್ಟೆ. ನಿನ್ನೆ ನಿಮ್ಮಪ್ಪ ನನ್ನ ಮುಂದೆ ಮಂಡಿಯೂರಿ, "ನಿನ್ ಮಗನ್ನ ಕೊಂದೆ ಮೆಹಿಟಬೆಲ್, ಕ್ಷಮಿಸ್ತೀಯಾ?" ಎಂದು ಕೇಳಿದರು. ಕ್ಷಮಿಸಿದ್ದೇನೆ ಎಂದೆ.