ನಾನು ಹೂವಿನ ಕೆಳಗೆ ನಿಂತಿದ್ದಾಗ

ರಾಣೆಬೆನ್ನೂರು,
ಏಪ್ರಿಲ್ ೧೭, ಶುಕ್ರವಾರ

ನನ್ನ ಭುವಿಗೆ, ನಿನ್ನ ಅವ್ವನ ಆಶೀರ್ವಾದ.

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿ ಮುಖ ತಿರುವಿರುತ್ತೀ. ತಿರುವು, ಬೇಡ ಅನ್ನುವುದಿಲ್ಲ. ಕಾಗದ ಮಾತ್ರ ಹರಿಯಬೇಡ. ಪೂರ್ತಿ ಓದಿದ ಮೇಲೆ ಹರಿ, ಒಲೆಗೆ ಹಾಕು, ನಿನ್ನಿಷ್ಟ. ಇದನ್ನು ತಂದುಕೊಡುವವಳು ಹಸೀನಾಬಿ. ನೀನಿರುವ ಆ ಮನೆಯ ಅಂಗಳಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುವ ಹೆಂಗಸರಲ್ಲಿ ಒಬ್ಬಳು. ನನ್ನ ಜೊತೆ ಜಪಾನಿಗೆ ಬಂದಿದ್ದ ಹಾವೇರಿಯ ಬೇನಜೀರಳಿಗೆ ಚಿಕ್ಕಮ್ಮ ಆಗಬೇಕು. ಅವಳ ಮುಂದೆ ಹೆದರಬೇಕಾದ್ದಿಲ್ಲ.

ಫೋನ್ ಮಾಡಿದರೆ ನನ್ನ ನಂಬರು ಬ್ಲಾಕ್ ಆಗಿದೆ. ನೀನು ಮಾಡಿದ್ದೋ, ಅವರು ಮಾಡಿದ್ದೋ, ದೇವರಿಗೇ ಗೊತ್ತು. ಬ್ಯಾಡಗಿಗೆ ಬಂದರೆ ಗೇಟಿನ ಹೊರಗೆ ನಿಲ್ಲಿಸಿ ಒಂದು ತಂಬಿಗೆ ನೀರು ಕೊಟ್ಟು, ‘ಆಕಿ ಮಲಗ್ಯಾಳ್ರಿ’ ಅಂತ ಹೇಳಿ ಕಳಿಸಿದರು. ಮಟಮಟ ಮಧ್ಯಾಹ್ನ! ಜ್ವರ ಬಂದಾಗಲೂ ಹಗಲು ಮಲಗಿದವಳಲ್ಲ ನೀನು. ನಾನು ನೀರು ಕುಡಿಯಲಿಲ್ಲ, ತಂಬಿಗೆಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಬಂದೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಬರುವ ಸೋಮವಾರ ಹಾವೇರಿಯಿಂದ ಮೇಡಂ ಮತ್ತೆ ಬರುತ್ತಾರೆ. ಹೋದ ವಾರ ಬಂದಿದ್ದರಲ್ಲ, ಸಣ್ಣ ವಯಸ್ಸಿನ ಹುಡುಗಿಯರ ಮದುವೆ ತಡೆಯುವ ಅಧಿಕಾರಿ, ಅವರೇ. ಅವತ್ತು ನೀನು ತಾಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ‘ಮದುವಿ ಆಗಿಲ್ರಿ, ಸಂಬಂಧಿಕರ ಮನಿಗೆ ಬಂದೇನಿ, ನಮ್ಮವ್ವನೇ ಒಪ್ಪಿ ಕಳಿಸ್ಯಾಳ’ ಅಂದೆಯಂತೆ. ಮೇಡಂ ಹೊರಗೆ ಬಂದು ನನಗೆ, ‘ಹುಡುಗಿನೇ ಇಲ್ಲ ಅಂದ್ರ ನಾವೇನ್ ಮಾಡೂಣ್ರಿ’ ಅಂದರು. ಆ ಮದುವೆಗೆ ಕಾರ್ಡು ಇಲ್ಲ, ಫೋಟೋ ಇಲ್ಲ, ಬಾಯಿ ಬಿಡುವ ಒಬ್ಬ ನರಪಿಳ್ಳೆಯೂ ಇಲ್ಲ. ನೀನು ಒಂದು ಮಾತು ಹೇಳಿದರೆ ಮಾತ್ರ ಅವರು ನಿನ್ನನ್ನು ಆ ಮನೆಯಿಂದ ಕರೆದುಕೊಂಡು ಬರಬಹುದು. ಶ್ರಾವಣ ಬಂದರೆ ನಿನಗೆ ಹದಿನೆಂಟು ತುಂಬುತ್ತದೆ. ಅವರು ಕಾಯುತ್ತಿರುವುದೇ ಅದಕ್ಕೆ. ಆಮೇಲೆ ನಾನು ಯಾವ ಆಫೀಸಿನ ಮೆಟ್ಟಿಲು ಹತ್ತಿದರೂ ಕೇಳುವವರಿಲ್ಲ.

ನೀನು ಯಾಕೆ ಹಾಗೆ ಹೇಳಿದೆ ಅನ್ನುವುದು ಹಸೀನಾಬಿಯಿಂದ ತಿಳಿಯಿತು. ಅವಳು ನಿನ್ನ ಪಕ್ಕ ಕುಳಿತು ತೊಟ್ಟು ಬಿಡಿಸುತ್ತಾ, ‘ತವರಮನಿಗೆ ಹೋಗಿ ಬರಬಾರದೇನವಾ’ ಅಂತ ಕೇಳಿದಾಗ, ‘ನಮ್ಮವ್ವಗ ನಾ ಬ್ಯಾಡಾಗೇನಿ, ಎಲ್ಲಿಗಿ ಹೋಗ್ಲಿ’ ಅಂದೆಯಂತೆ. ಬ್ಯಾಡಾಗ್ಯಾಳಂತ! ನಿನ್ನ ಕೆನ್ನೆಗೆ ಒಂದು ಕೊಡಬೇಕು ಅನ್ನಿಸಿತು, ಆಮೇಲೆ ಗೋಡೆಗೆ ಒರಗಿ ಅತ್ತೆ.

ಕೇಳು, ನಡೆದದ್ದು ಇಷ್ಟು. ನಿಮ್ಮಪ್ಪ ಹೋದ ಮುಂಗಾರಿನಲ್ಲಿ ಗೋವಿನಜೋಳದ ಬೀಜ ಮಾರಿ ಗೆದ್ದ ಟೂರು ಅದು. ಕಂಪನಿಯವರು ಹೇಳಿದಷ್ಟು ಬೀಜ ಮಾರಿದ ಅಂಗಡಿಕಾರರಿಗೆ ಗಂಡ ಹೆಂಡತಿ ಸಮೇತ ಪರದೇಶ ತೋರಿಸುತ್ತಾರೆ. ಈ ಸಲ ಜಪಾನು, ಹೂ ಬಿಡುವ ಕಾಲಕ್ಕೆ ಸರಿಯಾಗಿ ಕ್ಯೋಟೋ ಊರು. ಪಾಸ್‌ಪೋರ್ಟಿನ ಫೋಟೋಕ್ಕೆ ನಿಮ್ಮಪ್ಪ ಮೀಸೆಗೆ ಬಣ್ಣ ಹಚ್ಚಿಕೊಂಡು ಕುಳಿತಿದ್ದನ್ನು ನೋಡಿ ನೀನು ನಕ್ಕಿದ್ದೆ. ದೀಪಾವಳಿ ಮುಗಿಯಿತು, ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಟೂರು ಹಾಳಾಗಿ ಹೋಗಲಿ ಅಂತ ನಾನು ಅದನ್ನು ಮರೆತೇಬಿಟ್ಟಿದ್ದೆ.

ದಿನಕರ್ಮ ಮುಗಿದು ತಿಂಗಳಾಗಿರಲಿಲ್ಲ, ನಿಮ್ಮ ಆಯಿ ಶುರು ಮಾಡಿದಳು. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಒಂದು ಮದುವೆ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಅಂತ. ಬ್ಯಾಡಗಿಯ ಅಂದಾನೆಪ್ಪನ ಮಗ ಇದ್ದಾನೆ, ಮೆಣಸಿನಕಾಯಿ ದಲಾಲಿ ಅಂಗಡಿ ಇದೆ, ತನ್ನ ತವರಿನ ಕಡೆಯ ಸಂಬಂಧ ಅಂತ. ನಾನು ಅವಳ ಮುಖಕ್ಕೇ, ‘ಆಕಿ ಓದ್ತಾಳ್ರಿ ಅತ್ತಿ, ಆ ಮಾತ ತೆಗೀಬ್ಯಾಡ್ರಿ’ ಅಂದೆ. ನೀನು ಒಳಗೆ ಓದುತ್ತಾ ಕುಳಿತಿದ್ದೆ, ಕೇಳಿಸಿಕೊಂಡಿರಬೇಕು. ಕೇಳಿಸಿಕೊಂಡಿದ್ದರೆ ಈಗ ನೆನಪು ಮಾಡಿಕೋ.

ಆಮೇಲೆ ನಿಮ್ಮ ಕಾಕಾ ಸುನೀಲಕುಮಾರ ತಣ್ಣಗೆ ಬಂದು ಕುಳಿತ. ‘ವೈನಿ, ಭುವಿ ಮದುವಿ ಮಾತ ಬಿಟ್ಟೇವ್ರಿ. ಓದಲಿ ಆಕಿ. ಅಣ್ಣನ ಆಸೆ ಅಂತ ತಿಳಕೊಂಡು ನೀವು ಆ ಟೂರಿಗೆ ಹೋಗಿ ಬರ್ರಿ, ಮನಸಿಗೆ ಸಮಾಧಾನ ಆಗ್ತೈತಿ’ ಅಂದ. ಎಷ್ಟು ಒಳ್ಳೆಯ ಮೈದುನ ಅಂತ ನನ್ನ ಕಣ್ಣಲ್ಲಿ ನೀರು ಬಂತು ನೋಡು! ಗಂಡ ಸತ್ತವಳು ಊರು ಸುತ್ತುವುದು ಅಂದರೆ ಮೂಗು ಮುರಿಯುವ ನಿಮ್ಮ ಆಯಿಯೇ ನನ್ನ ಚೀಲಕ್ಕೆ ಕಡಕ್ ರೊಟ್ಟಿ ಕಟ್ಟಿಟ್ಟಳು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಅಲ್ಲಿ ನಾನು ಖುಷಿಯಾಗಿದ್ದೆ ಭುವಿ. ಇದನ್ನು ಬೇರೆ ಯಾರ ಮುಂದೆಯೂ ಹೇಳಿಲ್ಲ. ಊರ ನಡುವೆ ಸಣ್ಣ ಕಾಲುವೆ, ಎರಡೂ ದಂಡೆಗೆ ಗಿಡ. ಎಲೆ ಅಂತ ಒಂದೂ ಇಲ್ಲ, ಬರೀ ಹೂವು. ಹತ್ತಿ ಹೂವು ಬಾಡುವ ಮುಂಚೆ ತಿಳಿ ಗುಲಾಬಿಗೆ ತಿರುಗುತ್ತದಲ್ಲ, ಆ ಬಣ್ಣ. ಜನ ಗಿಡದ ಕೆಳಗೆ ನೀಲಿ ತಾಡಪತ್ರಿ ಹಾಸಿ, ಬುತ್ತಿ ಬಿಚ್ಚಿ, ಸುಮ್ಮನೆ ಮೇಲೆ ನೋಡುತ್ತಾ ಕುಳಿತಿರುತ್ತಾರೆ. ಯಾರೂ ಹೂ ಕೀಳುವುದಿಲ್ಲ, ಮುಡಿಯುವುದಿಲ್ಲ. ನಾವೂ ಒಂದು ಕಡೆ ಕುಳಿತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಈ ಗಿಡಕ್ಕೆ ತಿನ್ನುವಂಥ ಕಾಯಿ ಹಿಡಿಯುವುದಿಲ್ಲ ಅಂತ ಗೈಡ್ ಹೇಳಿದಾಗ ಬೇನಜೀರ, ‘ಯವ್ವಾ, ನಮ್ಮ ಅಂಗಡ್ಯಾಗ ಇಂಥಾ ಬೀಜ ಮಾರಿದ್ರ ರೈತರು ಕಲ್ಲ ಒಗೀತಾರ’ ಅಂದಳು. ಎಷ್ಟು ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆನೋ. ಅಲ್ಲಿ ಯಾರೂ ನನ್ನ ಬರಿ ಹಣೆ ನೋಡಿ ದಾರಿ ಬದಲಿಸಲಿಲ್ಲ. ಒಬ್ಬ ಮುದುಕಿ ನನ್ನನ್ನು ನೋಡಿ ತಲೆ ಬಾಗಿಸಿ ಹೋದಳು, ನಾನೂ ಬಾಗಿಸಿದೆ.

ಆಗ ಗಾಳಿ ಬಂತು. ಹೂವಿನ ಎಸಳು ತಲೆ ತುಂಬಾ ಉದುರಿದವು. ನಾನು ಗಾಬರಿಯಾಗಿ ಕೊಡವಲು ಹೋದರೆ ಬೇನಜೀರ ಕೈ ಹಿಡಿದಳು. ‘ಇರ್ಲಿ ಬಿಡ್ರಿ ಅಕ್ಕಾ, ನೀವೇನ್ ಮುಡಕೊಂಡ್ರೇನ್, ತಾವಾಗೇ ಬಿದ್ದಾವು’ ಅಂತ ಫೋಟೋ ತೆಗೆದಳು. ನಾನು ನಗುತ್ತಿದ್ದೆ. ನಿನಗೆ ತೋರಿಸಬೇಕು ಅಂತಲೇ ಅದನ್ನು ಮನೆಯವರ ಗ್ರೂಪಿಗೆ ಹಾಕಿ, ‘ಭಾಳ ಚಂದ ಐತಿ, ನೀವೆಲ್ಲಾ ಇರಬೇಕಿತ್ತು’ ಅಂತ ಬರೆದೆ. ಸುನೀಲ ಕೈಮುಗಿಯುವ ಚಿಹ್ನೆ ಕಳಿಸಿದ. ನಿನ್ನದು ಏನೂ ಬರಲಿಲ್ಲ, ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗಿರಬೇಕು ಅಂದುಕೊಂಡೆ.

ಅವತ್ತು ನಿನಗೆ ಅರಿಷಿಣ ಹಚ್ಚುತ್ತಿದ್ದರು. ನೀನು ಅವ್ವ ಬರಲಿ, ಅವ್ವ ಬರಲಿ ಅಂತ ಹಟ ಹಿಡಿದಾಗ ಆಯಿ ಏನು ಹೇಳಿದಳು ಅನ್ನುವುದೂ ಹಸೀನಾಬಿಯಿಂದ ನನಗೀಗ ಗೊತ್ತು. ‘ನಿಮ್ಮವ್ವಗ ಎಲ್ಲಾ ಗೊತ್ತೈತಿ. ಗಂಡ ಸತ್ತಾಕಿ, ಮಗಳ ಮದುವ್ಯಾಗ ತನ್ನ ನೆಳ್ಳ ಬೀಳಬಾರದಂತ ತಾನಾಗೇ ದೂರ ಹೋಗ್ಯಾಳ’ ಅಂತ. ಅದಕ್ಕೆ ಸಾಕ್ಷಿಯೆಂಬಂತೆ ಕಾಕಾ ಫೋನು ತೆಗೆದು ಆ ಫೋಟೋ ತೋರಿಸಿದ. ತಲೆ ತುಂಬಾ ಹೂವು ಬಿದ್ದು ನಗುತ್ತಿರುವ ನಿಮ್ಮವ್ವ. ನಿನ್ನನ್ನು ಬಿಟ್ಟು ಹಗುರಾದವಳ ಹಾಗೆಯೇ ಕಂಡಿರಬೇಕು ನಾನು.

ನೀನು ನಂಬಿದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ಗುತ್ತಲದ ನಿನ್ನ ಸೋದರತ್ತೆ, ಗಂಡ ಸತ್ತವಳು ಅಂತ, ಹೆತ್ತ ಮಗನ ಮದುವೆಯ ದಿನ ಅಕ್ಕಿಕಾಳು ಹಾಕಲೂ ಹೊರಗೆ ಬರದೆ ಹಿಂದಿನ ಅಡುಗೆಮನೆಯಲ್ಲಿ ಕುಳಿತಿದ್ದನ್ನು ನೀನೇ ಕಣ್ಣಾರೆ ನೋಡಿದ್ದೀ. ನಮ್ಮ ಜನ ಹೀಗೇ ಮಾಡುವುದರಿಂದ ಆ ಸುಳ್ಳು ಸುಳ್ಳಿನ ಹಾಗೆ ಕಾಣಲಿಲ್ಲ. ಆದರೆ ಹುಚ್ಚಿ, ನಿನ್ನವ್ವ ಅಂಥವಳೇ? ನನ್ನ ನೆರಳು ಬಿದ್ದರೆ ನಿನಗೆ ಕೇಡು ಅಂತ ನಾನು ನಂಬುತ್ತೇನೆಯೇ? ನಿನ್ನ ಮದುವೆ ಆಗುವುದಿದ್ದರೆ, ನಿನ್ನ ಓದು ಮುಗಿದು ನಿನಗೆ ಬೇಕಾದವನೊಡನೆ ಆಗುವುದಿದ್ದರೆ, ಎಲ್ಲರಿಗಿಂತ ಮುಂದೆ ನಿಂತು ಗದ್ದಲ ಮಾಡುವವಳು ನಾನು.

ನಾನು ವಾಪಸು ಬಂದಾಗ ಚೀಲದಲ್ಲಿ ನಿನಗಾಗಿ ತಂದ ಚಾಕಲೇಟು ಇತ್ತು. ಭುವಿ, ಭುವಿ ಅಂತ ಕೂಗುತ್ತಾ ಕೈಕಾಲು ತೊಳೆಯಲು ಹೋದರೆ ಬಚ್ಚಲ ಕಲ್ಲೆಲ್ಲ ಹಳದಿ. ಹಿಂದಿನಿಂದ ಆಯಿ ಬಂದು, ‘ನಿನ್ನ ಮಗಳ ಬಾಳು ಹಸನಾತು, ಇನ್ ನೀ ನಿಶ್ಚಿಂತಿಯಿಂದ ಇರು’ ಅಂದಳು. ಅವಳು ಖರೇ ಹಾಗೆಂದುಕೊಂಡೇ ಹೇಳಿದಳು, ಅದೇ ನನಗೆ ಹೆಚ್ಚು ಉರಿಯುವುದು. ನಾನು ಚಪ್ಪಲಿ ಕೈಗೆ ತಗೊಂಡೆ. ಸುನೀಲನಿಗೆ ಬಿತ್ತು, ಓಣಿಯವರೆಲ್ಲ ನೋಡಿದರು. ನೋಡಲಿ. ಅವತ್ತೇ ಆ ಮನೆ ಬಿಟ್ಟೆ. ಸ್ಟೇಷನ್ ರಸ್ತೆಯಲ್ಲಿ ಒಂದು ಖೋಲಿ ಹಿಡಿದಿದ್ದೇನೆ. ನಿನ್ನ ಟೇಬಲ್ಲು, ಪುಸ್ತಕ ಎಲ್ಲ ತಂದು ಇಟ್ಟಿದ್ದೇನೆ. ಹತ್ತಿರದ ಒಂದು ಬೀಜದ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿದೆ. ನಮ್ಮಿಬ್ಬರ ಊಟಕ್ಕೆ ಕೊರತೆಯಾಗುವುದಿಲ್ಲ.

ನಿನ್ನ ರಿಸಲ್ಟು ಬಂತು. ಅದನ್ನಾದರೂ ನಿನಗೆ ಹೇಳಿದರೋ ಇಲ್ಲವೋ. ಫಸ್ಟ್ ಕ್ಲಾಸು ಕಣೇ. ಜೀವಶಾಸ್ತ್ರದಲ್ಲಿ ಕಾಲೇಜಿಗೇ ನೀನು ಮೊದಲು. ನಿಮ್ಮ ಮಿಸ್ ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ, ‘ಭುವನಾ ಎಲ್ಲೆದಾಳ್ರಿ’ ಅಂತ ಕೇಳಿದರು. ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಅಂದೆ.

ಕಾಕಾ ನಿನಗೆ ಏನು ಹೇಳಿ ಬಾಯಿ ಕಟ್ಟಿದ್ದಾನೆ ಅನ್ನುವುದನ್ನು ನಾನು ಊಹಿಸಬಲ್ಲೆ. ನೀನು ಬಾಯಿ ಬಿಟ್ಟರೆ ತನ್ನ ಕೈಗೆ ಬೇಡಿ, ಈ ವಯಸ್ಸಿನಲ್ಲಿ ಆಯಿ ಕೋರ್ಟು ಹತ್ತಬೇಕು, ಅಂತ ತಾನೇ? ನಿನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು ಅವನು, ನಿನಗೆ ಕರುಳು ಚುರ್ ಅನ್ನುತ್ತದೆ. ಮೇಡಂ ಮುಂದೆ ಅವನು ಇನ್ನೊಂದು ಕಥೆಯನ್ನೂ ಹೇಳಿದ್ದಾನೆ. ಏನೇ ನಡೆದಿದ್ದರೂ ನಾನೇ ಮುಂದೆ ನಿಂತು ಎಲ್ಲ ಗೊತ್ತು ಮಾಡಿ ಜಪಾನಿಗೆ ಹೋದೆ, ಈಗ ನಾಟಕ ಮಾಡುತ್ತಿದ್ದೇನೆ ಅಂತ. ಅದು ನಿಜವೆಂದಾದರೆ ನನ್ನ ಮೇಲೂ ಕೇಸು ಆಗುತ್ತದೆ ಅಂತ ಮೇಡಂ ಹೇಳಿದರು. ಬೇನಜೀರ ಸಿಟ್ಟಿಗೆದ್ದು, ‘ಅಕ್ಕಾಗ ಏನೂ ಗೊತ್ತಿರಲಿಲ್ರಿ, ನಾ ಎಲ್ಲಿ ಬೇಕಾದ್ರೂ ಹೇಳ್ತೀನಿ’ ಅಂತ ಹಾರಾಡಿದಳು. ಯಾರು ನಂಬಲಿ ಬಿಡಲಿ, ನೀನು ನಂಬಿದರೆ ನನಗೆ ಸಾಕು.

ಸೋಮವಾರ ನಾನೂ ಜೀಪಿನ ಜೊತೆ ಬರುತ್ತೇನೆ. ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೆ ಇರುತ್ತೇನೆ. ಮೇಡಂ ಕೇಳಿದಾಗ ಮದುವೆ ಆಗಿದೆ, ನನಗೆ ಮನಸ್ಸಿರಲಿಲ್ಲ ಅಂತ ಹೇಳು, ಸಾಕು. ಉಟ್ಟ ಬಟ್ಟೆಯಲ್ಲೇ ಹೊರಟು ಬಾ.

ನಿನ್ನ ದಾರಿ ಕಾಯುವ,
ಅವ್ವ

ತಾ.ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಯಾರು ಮದುವೆ ಮಾಡಿಸಿದರು ಅಂತಲೂ ಮೇಡಂ ಕೇಳುತ್ತಾರೆ, ಎಲ್ಲರೂ ಅಲ್ಲೇ ನಿಂತು ನಿನ್ನ ಬಾಯಿ ನೋಡುತ್ತಿರುತ್ತಾರೆ. ಕಾಕಾನ ಹೆಸರು, ಆಯಿಯ ಹೆಸರು ನಿನ್ನ ನಾಲಿಗೆಗೆ ಬರದೆ ಹೋದರೆ ನನ್ನ ಹೆಸರು ಹೇಳು. ‘ನಮ್ಮವ್ವನೇ ಮಾಡಿಸ್ಯಾಳ’ ಅನ್ನು. ಈ ಕಾಗದದಲ್ಲಿ ಬರೆದದ್ದನ್ನೆಲ್ಲ ನೀನು ನಂಬದಿದ್ದರೂ ಸರಿ, ನನ್ನ ಮೇಲಿನ ಸಿಟ್ಟಿನಿಂದಲೇ ಹೇಳು. ನಾನು ಹೊರಗೆ ನಿಂತು ಹೂಂ ಅನ್ನುತ್ತೇನೆ, ಬೇನಜೀರಳಿಗೂ ಸುಮ್ಮನಿರಲು ಹೇಳಿದ್ದೇನೆ. ನನ್ನ ಮೇಲೆ ಕೇಸಾದರೆ ನಿನ್ನನ್ನು ನನ್ನ ಹತ್ತಿರ ಬಿಡುವುದಿಲ್ಲವಂತೆ, ಸರಕಾರದ ಹಾಸ್ಟೆಲಿನಲ್ಲಿ ಇಟ್ಟು ಓದಿಸುತ್ತಾರಂತೆ. ಮೇಡಂ ಅವರನ್ನು ಕೇಳಿಕೊಂಡೇ ಬಂದಿದ್ದೇನೆ. ಖೋಲಿಗೆ ಬೀಗ ಬಿದ್ದೇ ಇದ್ದರೂ ಪರವಾಗಿಲ್ಲ, ನೀನು ಜೀಪು ಹತ್ತು.