ಲಾಲ್ ಟಿಬ್ಬಾದಿಂದ ಕಂಡ ಬದರಿ

ಶ್ರೀ

ರೇನರ್ಸ್ ಲೇನ್, ಲಂಡನ್
೯ ಮಾರ್ಚ್ ೨೦೨೫

ಪ್ರೀತಿಯ ತಂಗಿ ಮೈತ್ರೇಯಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಪೆನ್ನು ಹಿಡಿದು ಕೂತಾಗೆಲ್ಲ ಎರಡು ಸಾಲಿಗೇ ನಿಂತುಹೋಗುತ್ತಿತ್ತು, ಕ್ಷಮಿಸು. ಫೋನ್ ಮಾಡೋಣವೆಂದರೆ ಈ ಫ್ಲ್ಯಾಟಿನಲ್ಲಿ ಪಿಸುಗುಟ್ಟಿದರೂ ಮಗನಿಗೆ ಕೇಳುತ್ತದೆ.

ಮೇ ತಿಂಗಳಿಗೆ ಮಸ್ಸೂರಿಗೆ ಟಿಕೆಟ್ ಆಗಿದೆ, ಏನೇನು ನೋಡಬೇಕು ಎಂದು ಅಳುಕುತ್ತಲೇ ಕೇಳಿದ್ದೀಯ. ಅಳುಕಬೇಡ. ನಿನ್ನ ಭಾವ ಅಲ್ಲಿ ತೀರಿಕೊಂಡರೆಂದು ಆ ಊರಿನ ಚೆಲುವೇನೂ ಕಡಿಮೆಯಾಗಿಲ್ಲ. ಕೆಂಪ್ಟಿ ಜಲಪಾತಕ್ಕೆ ಬೆಳಿಗ್ಗೆಯೇ ಹೋಗಿ. ಹೊತ್ತೇರಿದರೆ ನೀರಿಗಿಂತ ಜನವೇ ಹೆಚ್ಚು. ಗನ್ ಹಿಲ್‌ಗೆ ರೋಪ್‌ವೇ ಇದೆ, ಕೆಳಗೆ ನೋಡಬೇಡ, ನಿನಗೆ ತಲೆ ಸುತ್ತುತ್ತದೆ. ಕ್ಯಾಮಲ್ಸ್ ಬ್ಯಾಕ್ ರಸ್ತೆಯಲ್ಲಿ ಒಂಟೆಯ ಬೆನ್ನಿನ ಹಾಗೆ ಕಾಣುವ ಬಂಡೆಯೊಂದಿದೆ. ಇವರು ಎಷ್ಟು ಹುಡುಕಿದರೂ ಸಿಗದೆ, "ಎಲ್ಲೇ ಒಂಟೆ?" ಎಂದರು. "ಬಗ್ಗಿ ನಡೀತಿದೀರಲ್ಲ, ನಿಮ್ಮ ಬೆನ್ನೇ ಮುಟ್ಟಿ ನೋಡ್ಕೊಳಿ" ಎಂದೆ. ರಸ್ತೆಯಲ್ಲೇ ನಿಂತು ನಕ್ಕರು.

ಲಾಲ್ ಟಿಬ್ಬಾ ತಪ್ಪಿಸಬೇಡ. ಮೋಡವಿಲ್ಲದಿದ್ದರೆ ದುರ್ಬೀನಿನಲ್ಲಿ ಬದರಿಯ ಕಡೆಯ ಹಿಮದ ಶಿಖರಗಳು ಕಾಣುತ್ತವೆ. ಬದರಿಗೇ ಹೋಗಿಬರುವ ಶಕ್ತಿ ಇವರಿಗೆ ಉಳಿದಿರಲಿಲ್ಲ, ನಿನಗೆ ಗೊತ್ತಲ್ಲ. ದೂರದಿಂದಲೇ ಕೈಮುಗಿದು ಬಹಳ ಹೊತ್ತು ನಿಂತಿದ್ದರು. ಅದೇ ಸಂಜೆ ಹೋಟೆಲಿನ ಮೆಟ್ಟಿಲ ಮೇಲೆ ಕುಸಿದರು.

ಕಶ್ಯಪ ಆರು ವಾರದಿಂದ ಅಕ್ಸ್‌ಬ್ರಿಡ್ಜಿನ ಆಫೀಸಿಗೆ ಹೋಗಿಲ್ಲ. ಜಿಪಿ ಡಾಕ್ಟರು ರಜೆಗೆ ಚೀಟಿ ಬರೆದುಕೊಟ್ಟಿದ್ದಾರೆ. "ಬುಕ್ ಮಾಡಿದ್ದು ನಾನೇ ಅಲ್ವಾಮ್ಮ? ಐ ಟುಕ್ ಹಿಮ್ ಅಪ್ ದೇರ್" ಎನ್ನುತ್ತಾನೆ. ನೀನೂ ಅವನಿಗೆ, "ಎಪ್ಪತ್ತೆಂಟು ವರ್ಷದವರನ್ನ ಅಷ್ಟು ಎತ್ತರಕ್ಕೆ ಎಳ್ಕೊಂಡು ಹೋಗಬಾರದಿತ್ತು ಕಣೋ" ಎಂದೆಯಂತೆ. ಅಂದಿನಿಂದ ತಟ್ಟೆಯ ಮುಂದೆ ಕೂತವನು ಹಾಗೇ ಎದ್ದುಹೋಗುತ್ತಾನೆ. ಒಬ್ಬನೇ ಮಗ, ನನ್ನ ಕಣ್ಣೆದುರೇ ಸವೆಯುತ್ತಿದ್ದಾನೆ.

ಸ್ವೆಟರ್ ಎರಡಿರಲಿ. ದಾರಿಯುದ್ದಕ್ಕೂ ರಾಯರು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಕೃಷ್ಣವೇಣಿ

ವಿ.ಸೂ.: ಅಂದು ಏಕಾದಶಿ. ಬೆಳಗಿನಿಂದ ನಾವಿಬ್ಬರೂ ನೀರು ಮುಟ್ಟಿರಲಿಲ್ಲ. ಲಾಲ್ ಟಿಬ್ಬಾದಲ್ಲಿ ಕಶ್ಯಪ ಕಾರು ತಿರುಗಿಸಲು ಹೋಗಿದ್ದಾಗ ಇವರು, "ಎದೆ ಹಿಡ್ಕೊಂಡ ಹಾಗಾಗ್ತಿದೆ ಕಣೇ. ಮಾತ್ರೆಗೆ ಒಂದು ಗುಟುಕು ನೀರು ಕೊಡು" ಎಂದರು. ಮಗನ ನೀರಿನ ಬಾಟಲಿ ನನ್ನ ಚೀಲದಲ್ಲೇ ಇತ್ತು. "ಬದರಿ ಎದುರಿಗೆ ನಿಂತು ಏಕಾದಶಿ ಮುರೀತೀರಾ? ನಾಳೆ ಪಾರಣೆ ಆದ್ಮೇಲೆ ತಗೊಳಿ" ಎಂದೆ. ಮಾತ್ರೆಯನ್ನು ಜೇಬಿಗೆ ಹಾಕಿಕೊಂಡರು. ಕಶ್ಯಪನಿಗೆ ಹೇಳಬೇಡಿ, ಬೈತಾನೆ ಅಂತಲೂ ನಾನೇ ಅಂದೆ.

ಅವನಿಗೆ ಕನ್ನಡ ಓದಲು ಬಾರದು, ಅದಕ್ಕೇ ಇಷ್ಟು ಬರೆಯುವ ಧೈರ್ಯ ಬಂತು. ಎರಡು ಸಲ ಅವನ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಕಾಗದ ಸೇರಿದ ದಿನವೇ ಫೋನ್ ಮಾಡಿ ಇದನ್ನೆಲ್ಲ ಅವನಿಗೆ ಇಂಗ್ಲಿಷಿನಲ್ಲಿ ಹೇಳಿಬಿಡು. ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ.