ಒಂದೇ ಹೆಸರಿನ ಎರಡು ಪುಟ

ನನ್ನ ಮುಂಗೋಪಿ ತಮ್ಮನಿಗೆ,

ಲಾಕಪ್ಪಿನಲ್ಲಿ ಕೂತು ಹಲ್ಲು ಕಡಿಯಬೇಡ, ಇದನ್ನು ಪೂರ್ತಿ ಓದು. ನಾಳೆ ಮ್ಯಾನೇಜರ್ ಸಾಹೇಬನ ಕಡೆಯವರು ಕಾಗದ ಹಿಡಿದು ಬರುತ್ತಾರೆ. ‘ನನ್ನ ಅಜಾಗರೂಕತೆಯಿಂದಲೇ ಬಲಗೈ ಬೆರಳು ಹೋದವು’ ಎಂದು, ಸಹಿಯ ಬದಲು ಎಡಗೈ ಹೆಬ್ಬೆಟ್ಟು ಒತ್ತಿದರೆ, ನೀನು ಅವನಿಗೆ ಹೊಡೆದ ಕೇಸು ವಾಪಸ್ಸಂತೆ. ‘ಹಾಳಾಗಿ ಹೋಗ್ಲಿ, ಒತ್ತಿ ಬಂದುಬಿಡ್ಲಿ’ ಅಂತ ಅಮ್ಮ ಅಳುತ್ತಿದ್ದಾಳೆ. ಒತ್ತಬೇಡ ಕಣೋ.

ಆ ದಿನ ಮಷಿನ್ನಿನ ಪರದೆಯಲ್ಲಿ ನಿನಗೆ ತಪ್ಪು ಪುಟ ಯಾಕೆ ಬಂತು ಗೊತ್ತೇ? ಕಾರ್ಖಾನೆಯ ಮರ ಹೆರೆಯುವ ಮಷಿನ್ನುಗಳನ್ನು ನಡೆಸುವ ಬಗೆಯನ್ನು ನಾನು ಬರೆದುಕೊಟ್ಟರೆ, ಒಂದು ಸಾಫ್ಟ್‌ವೇರ್ ಅದನ್ನು ಪರದೆಯ ಪುಟಗಳಾಗಿ ಬದಲಾಯಿಸುತ್ತದೆ. ಫೈಲಿನ ಹೆಸರನ್ನು ತಲೆಬರಹದಿಂದಲೇ ಎತ್ತಿಕೊಳ್ಳುತ್ತದೆ. ಚಿಕ್ಕ ಮಷಿನ್ನಿಗೂ ದೊಡ್ಡದಕ್ಕೂ ‘ಬ್ಲೇಡ್ ಬದಲಾವಣೆ’ ಎಂಬ ಒಂದೇ ತಲೆಬರಹ. ಅದಕ್ಕೇ ಫೈಲಿನ ಹೆಸರಿಗೆ ಮಷಿನ್ನಿನ ಹೆಸರೂ ಸೇರುವಂತೆ ಮಾಡಿಟ್ಟಿದ್ದೆ. ಸಾಹೇಬನಿಗೆ ಚೊಕ್ಕಟದ ಹುಚ್ಚು. ‘ಏನಮ್ಮ ಇದು, ರೈಲು ಬೋಗಿ ಥರ ಹೆಸರು? ಕತ್ತರಿಸು’ ಅಂದ. ‘ಕತ್ತರಿಸಿದ್ರೆ ಒಂದು ಇನ್ನೊಂದನ್ನ ನುಂಗುತ್ತೆ ಸಾರ್’ ಅಂತ ಬಡಕೊಂಡೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕತ್ತರಿಸಿದ. ಎರಡು ಫೈಲಿಗೂ ಒಂದೇ ಹೆಸರಾಗಿ, ಚಿಕ್ಕದರ ಪುಟ ದೊಡ್ಡದರ ಪುಟವನ್ನು ನುಂಗಿತು; ದೊಡ್ಡದರ ಪರದೆಯಲ್ಲೂ ಚಿಕ್ಕದರದೇ ಬಂತು. ಚಿಕ್ಕದರಲ್ಲಿ ಮುಚ್ಚಳ ತೆಗೆದ ಕೂಡಲೇ ಬ್ಲೇಡ್ ನಿಲ್ಲುತ್ತದೆ. ದೊಡ್ಡದರಲ್ಲಿ ಪ್ಲಗ್ ಕಿತ್ತು ಕಾಯಬೇಕು, ಇಲ್ಲದಿದ್ದರೆ ಒಳಗೆ ತಿರುಗುತ್ತಲೇ ಇರುತ್ತದೆ. ದೊಡ್ಡದಕ್ಕೆ ಹೊಸಬನಾದ ನೀನು ಓದಿದಂತೆಯೇ ಮಾಡಿದೆ.

ಮರದ ಹೊಟ್ಟಿನಲ್ಲಿ ನಿನ್ನ ಮೂರು ಬೆರಳು ಹುಡುಕಿದವಳು ನಾನು. ಹೊಟ್ಟು ರಕ್ತ ಕುಡಿದು ಉಂಡೆಗಟ್ಟಿತ್ತು. ಆಸ್ಪತ್ರೆಯ ಬಾಗಿಲಲ್ಲಿ ‘ಓದಕ್ಕೆ ಬರದವನಿಗೆ ಮಷಿನ್ ಯಾಕೆ ಬೇಕಿತ್ತು’ ಎಂದ ಸಾಹೇಬನ ಬಾಯಿಗೆ ಎಡಗೈಯಲ್ಲಿ ಬಿಟ್ಟೆಯಲ್ಲ, ಎರಡು ಹಲ್ಲು ನೆಲಕ್ಕೆ ಬಿದ್ದವಲ್ಲ, ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಈ ಸಲ ದವಡೆ ಅವನದಾಗಿತ್ತು, ಅಷ್ಟೇ.

ಪುಟ ತಿದ್ದುತ್ತೇನೆಂದರೆ ಅವನು ಬಿಡಲಿಲ್ಲ. ತಿದ್ದಿದರೆ ತಪ್ಪು ಒಪ್ಪಿಕೊಂಡ ಹಾಗಂತೆ! ನಿನ್ನೆ ನಿನ್ನ ಬಟ್ಟೆ ತರಲು ಶೆಡ್ಡಿಗೆ ಹೋದೆ. ನಿನ್ನ ಜಾಗದಲ್ಲಿ ಗೋದಾಮಿನ ಬೋಳಣ್ಣ. ಪರದೆಯಲ್ಲಿ ಅದೇ ಪುಟ. ಮುಚ್ಚಳ ತೆಗೆದಿದ್ದ, ಕೈ ಒಳಗೆ ಹೋಗುತ್ತಿತ್ತು. ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ? ಓಡಿ ಕಾಲರ್ ಹಿಡಿದೆಳೆದೆ. ಕೊಸರಿಕೊಂಡು ಮತ್ತೆ ಕೈ ಚಾಚಿದ. ಸ್ಪ್ಯಾನರ್ ಎತ್ತಿ ಮುಖಕ್ಕೆ ಬಾರಿಸಿದೆ. ಮೂಗು ಮುರಿದು ರಕ್ತ ಧಾರೆಯಾಗಿ ಸುರಿಯಿತು. ‘ಹುಚ್ಚು ಹಿಡೀತೇನೇ ನಿಂಗೆ!’ ಅಂತ ನನ್ನ ಮೇಲೆಯೇ ಕೈಯೆತ್ತಿದ. ನಾನು ಒಂದು ಹಲಗೆಯನ್ನು ಒಳಗೆ ತುರುಕಿದೆ. ಚೂರುಚೂರಾಗಿ ಹಾರಿತು. ಅವನು ಎರಡೂ ಕೈ ನೋಡಿಕೊಂಡು ಅಲ್ಲೇ ಕುಸಿದು ಅತ್ತುಬಿಟ್ಟ.

ಇವತ್ತು ಬೆಳಿಗ್ಗೆ ಮನೆಗೆ ಬಂದಿದ್ದ. ಮುಖ ಊದಿ ಕುಂಬಳಕಾಯಿ. ‘ಅಕ್ಕಾ, ಸಾಕ್ಷಿ ಹೇಳಕ್ಕೆ ಬರ್ತೀನಿ. ಮೂಗು ಯಾರು ಮುರಿದ್ರು ಅಂತ ಕೇಳಿದ್ರೆ ಅದನ್ನೂ ಹೇಳ್ಬೇಕಾಗುತ್ತೆ’ ಅಂದ. ಹೇಳಪ್ಪ ಅಂದೆ. ನನ್ನನ್ನೂ ಒಳಗೆ ಹಾಕಿದರೆ ಹಾಕಲಿ.

ಹೆಬ್ಬೆಟ್ಟು ಒತ್ತಬೇಡ, ತಮ್ಮಾ. ಬೋಳಣ್ಣನ ಹತ್ತು ಬೆರಳೂ ನಿನ್ನ ಪರವಾಗಿ ಸಾಕ್ಷಿ ಹೇಳಲಿವೆ.

ನಿನ್ನ ಗಾಯ ಬೇಗ ಮಾಯಲಿ, ಸಿಟ್ಟು ಮಾತ್ರ ಹಾಗೇ ಇರಲಿ ಎಂದು ಹರಸುವ,
ನಿನ್ನ ಅಕ್ಕ